ಮನೆವಾರ್ತೆ: ಆಟದ ಕಂಪ್ಯೂಟರಿಗೆ ಹೊಸ ವಿಂಡೋಸ್ ಬೇಕೆ?



ಅಕ್ಕಿಗೆ ಹುಳು ಬೀಳದಂತೆ ಕಾಯುವುದು, ಮಾಳಿಗೆ ಸೋರದಂತೆ ನೋಡಿಕೊಳ್ಳುವುದು ಮೊದಲಾದ ವಿಷಯಗಳಿಗೆ ಮೀಸಲಾದ ಈ ಪುಟದಲ್ಲಿ ಈ ತಿಂಗಳು ಕಂಪ್ಯೂಟರಿನ ಮಾತು ಬಂದುದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ಮನೆಯೊಳಗಿದ್ದುಕೊಂಡು ಹಣವನ್ನು ಕೇಳುವ, ಜಗಳವನ್ನು ತರುವ, ಬೀಗವನ್ನು ಬೇಡುವ ವಸ್ತುಗಳೆಲ್ಲವೂ ಮನೆವಾರ್ತೆಗೆ ಸೇರಿದುವೇ ಸರಿ. ನಮ್ಮ ಮನೆಯ ಕಂಪ್ಯೂಟರು ಈ ಮೂರನ್ನೂ ಒಂದೇ ತಿಂಗಳಿನಲ್ಲಿ ಮಾಡಿತು. ಅನೇಕ ಮನೆಗಳಲ್ಲಿ ಇದೇ ಪ್ರಶ್ನೆ ಎದ್ದಿರುವುದರಿಂದ ನಮ್ಮ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಲ್ಲಿರುವುದು ಒಂದೇ ಯಂತ್ರ. 2018ನೆಯ ಇಸವಿಯಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡುತಂದು, ನನ್ನ ತಮ್ಮನು ಎರಡು ದಿನ ಕುಳಿತು ಅದನ್ನು ಜೋಡಿಸಿಕೊಟ್ಟನು. ಹೆಸರಿಗೆ ಅದು ಮಗನ ಆಟದ ಕಂಪ್ಯೂಟರು. ಆದರೆ ಅವನು ಕಾಲೇಜಿಗೆ ಹೋದ ಮೇಲೆ ಅದೇ ಯಂತ್ರದ ಮುಂದೆ ಕುಳಿತು ನನ್ನ ಹೆಂಡತಿ ಬ್ಯಾಂಕಿನ ವ್ಯವಹಾರವನ್ನು ನೋಡುವಳು. ತೆರಿಗೆಯ ಲೆಕ್ಕ, ತಾಯಿಯವರ ಪಿಂಚಣಿಯ ಕಾಗದಪತ್ರಗಳೆಲ್ಲವೂ ಅದರೊಳಗೇ ಇರುವುವು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ತೀರ್ಮಾನವೆಲ್ಲ ಇದರ ಮೇಲೆಯೇ ನಿಂತಿದೆ.

2025ನೆಯ ಇಸವಿ ಅಕ್ಟೋಬರು 14ನೆಯ ತಾರೀಖಿನಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಆಸರೆಯನ್ನು ನಿಲ್ಲಿಸಿತು. ಆ ರಾತ್ರಿ ಊಟದ ಹೊತ್ತಿಗೆ ಮಗನು ಮಾತು ತೆಗೆದನು: “ಅಪ್ಪಾ, ವಿಂಡೋಸ್ 11ಕ್ಕೆ ಹೋಗಬೇಕಂತೆ. ಆದರೆ ನಮ್ಮ ಯಂತ್ರ ಅದಕ್ಕೆ ಯೋಗ್ಯವಲ್ಲವೆಂದು ಬರುತ್ತಿದೆ.” ಮಾರನೆಯ ವಾರ ಒಂದು ಅಂಗಡಿಯಲ್ಲಿ ವಿಚಾರಿಸಲಾಗಿ, ಹಳೆಯದನ್ನು ತೂಕಕ್ಕೆ ಹಾಕಿ 70,000 ರೂಪಾಯಿಯ ಹೊಸದನ್ನು ಕೊಳ್ಳಬೇಕೆಂದರು. ಮಗನ ಗೆಳೆಯನೊಬ್ಬನು, ಯೋಗ್ಯತೆಯ ಪರೀಕ್ಷೆಯನ್ನೇ ತಪ್ಪಿಸಿ ವಿಂಡೋಸ್ 11ನ್ನು ಒಳಗೆ ತೂರಿಸುವ ಉಪಾಯವುಂಟೆಂದನು. ನನ್ನ ಹೆಂಡತಿಯಾದರೋ, “ಇಷ್ಟು ವರ್ಷ ನಡೆದದ್ದು ಹೀಗೆಯೇ ನಡೆಯಲಿ, ನಾಳೆಯೇನು ಯಂತ್ರ ನಿಂತುಹೋಗುವುದೆ?” ಎಂದಳು. ಮೂವರ ಮಾತಿನಲ್ಲಿಯೂ ಸ್ವಲ್ಪ ಸ್ವಲ್ಪ ನಿಜವಿದ್ದುದರಿಂದಲೇ ತೀರ್ಮಾನವು ಕಷ್ಟವಾಯಿತು.

ಮೊದಲು ಹೆಂಡತಿಯ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಕಂಪ್ಯೂಟರಿನೊಳಗೆ ಆಟ, ಬ್ಯಾಂಕಿನ ಪುಟ, ಪತ್ರ, ಚಿತ್ರ ಮೊದಲಾದವು ಒಂದೇ ಛಾವಣಿಯ ಕೆಳಗೆ ವಾಸಿಸುವುವು. ಇವುಗಳಿಗೆ ಕೆಲಸವನ್ನು ಹಂಚಿ, ಯಾವುದು ಯಾವ ಕೋಣೆಗೆ ಹೋಗಬಹುದು, ಯಾವುದು ಹೋಗಕೂಡದು ಎಂದು ಗೊತ್ತುಮಾಡುವ ಪಾರುಪತ್ಯಗಾರನೇ ಆಪರೇಟಿಂಗ್ ಸಿಸ್ಟಂ. ವಿಂಡೋಸ್ 10 ಎಂಬ ಪಾರುಪತ್ಯಗಾರನು 2015ನೆಯ ಜುಲೈ 29ರಂದು ಕೆಲಸಕ್ಕೆ ಸೇರಿದವನು. ಅವನ ಕಾವಲಿನಲ್ಲಿ ಕಂಡುಬಂದ ಲೋಪಗಳನ್ನು ಮೈಕ್ರೋಸಾಫ್ಟಿನವರು ತಿಂಗಳು ತಿಂಗಳೂ ಎರಡನೆಯ ಮಂಗಳವಾರ ತಿದ್ದಿ ಕಳುಹಿಸುತ್ತಿದ್ದರು. ಈಗ ನಿಂತಿರುವುದು ಆ ತಿದ್ದುಪಡಿ, ಯಂತ್ರವಲ್ಲ. ಆಟವೂ ನಡೆಯುವುದು, ಪತ್ರವೂ ಹೋಗುವುದು. ಆದರೆ ಇನ್ನು ಮುಂದೆ ಬಾಗಿಲಿನಲ್ಲಿ ಬಿರುಕು ಕಂಡರೆ ಮುಚ್ಚುವವರಿಲ್ಲ. ಅದಕ್ಕಿಂತಲೂ ಹೆಚ್ಚಿನದೊಂದುಂಟು: ಹಳೆಯದಕ್ಕೂ ಹೊಸದಕ್ಕೂ ಒಳಗಿನ ಕಟ್ಟಡವು ಬಹುಮಟ್ಟಿಗೆ ಒಂದೇ ಆದುದರಿಂದ, ವಿಂಡೋಸ್ 11ರಲ್ಲಿ ಮುಚ್ಚಿದ ಬಿರುಕನ್ನು ನೋಡಿಕೊಂಡೇ ವಿಂಡೋಸ್ 10ರಲ್ಲಿ ತೆರೆದಿರುವುದು ಎಲ್ಲೆಂದು ಕಳ್ಳನು ತಿಳಿದುಕೊಳ್ಳಬಹುದು. ಬರೀ ಆಟದ ಯಂತ್ರವಾಗಿದ್ದರೆ ಈ ಭಯವನ್ನು ಕೆಲವು ಕಾಲ ಸಹಿಸಬಹುದಾಗಿತ್ತು. ಬ್ಯಾಂಕಿನ ಬೀಗದ ಕೈ ಇರುವ ಯಂತ್ರದಲ್ಲಿ ಸಹಿಸುವುದು ಸರಿಯಲ್ಲ.

ಹಾಗೆಂದು ಆತುರಪಡಬೇಕಾದುದೂ ಇರಲಿಲ್ಲ. ಗೃಹಸ್ಥರಿಗಾಗಿ ಮೈಕ್ರೋಸಾಫ್ಟಿನವರು ಒಂದು ವರ್ಷದ ಗಡುವನ್ನು ಕೊಟ್ಟು, ನೋಂದಾಯಿಸಿಕೊಂಡವರಿಗೆ 2026ನೆಯ ಅಕ್ಟೋಬರು 13ರವರೆಗೆ ರಕ್ಷಣೆಯ ತಿದ್ದುಪಡಿಗಳು ಬರುವುವೆಂದು 2025ರಲ್ಲಿಯೇ ಪ್ರಕಟಿಸಿದ್ದರು. ಯಂತ್ರದ ಏರ್ಪಾಡುಗಳನ್ನು ಅವರ ಖಾತೆಗೆ ಜೋಡಿಸಿಡಲು ಒಪ್ಪಿದವರಿಗೆ ಇದು ಉಚಿತ. ಒಪ್ಪದವರಿಗೆ 30 ಡಾಲರು. ನಾವು ಮೊದಲ ಕೆಲಸವಾಗಿ ಇದನ್ನೇ ಮಾಡಿದೆವು. ಮನೆಯಲ್ಲಿ ಜಗಳವಾಡುತ್ತಿರುವಾಗ ಬಾಗಿಲನ್ನು ತೆರೆದಿಡಬಾರದಷ್ಟೆ.

ಇನ್ನು ಗೆಳೆಯನ ಉಪಾಯ. ವಿಂಡೋಸ್ 11 ಹೊರಬಂದದ್ದು 2021ನೆಯ ಅಕ್ಟೋಬರು 5ರಂದು. ಅದು ಯಂತ್ರದಿಂದ ಮುಖ್ಯವಾಗಿ ಮೂರನ್ನು ಬೇಡುವುದು: ರಹಸ್ಯಗಳನ್ನು ಬಚ್ಚಿಡುವ ಟಿ.ಪಿ.ಎಂ. 2.0 ಎಂಬ ಏರ್ಪಾಡು. ಯಂತ್ರವು ಏಳುವಾಗಲೇ ಕಳ್ಳ ತಂತ್ರಾಂಶವು ನುಗ್ಗದಂತೆ ತಡೆಯುವ ಸೆಕ್ಯೂರ್ ಬೂಟ್‌ಗೆ ಬೇಕಾದ ಅನುಕೂಲ. ಮತ್ತು ಅವರ ಪಟ್ಟಿಯಲ್ಲಿರುವ ಪ್ರೊಸೆಸರು. ಪಟ್ಟಿಯು ಸ್ಥೂಲವಾಗಿ ಇಂಟೆಲ್‌ನ ಎಂಟನೆಯ ಪೀಳಿಗೆಯಿಂದಲೂ, ಎ.ಎಂ.ಡಿ.ಯ ರೈಜೆನ್ 2000 ಶ್ರೇಣಿಯಿಂದಲೂ ಮೇಲಕ್ಕೆ ಹೋಗುವುದು. ಈ ಪರೀಕ್ಷೆಯನ್ನು ತಪ್ಪಿಸಿ ವಿಂಡೋಸ್ 11ನ್ನು ಹಾಕುವುದು ಸಾಧ್ಯವೇನೋ ನಿಜ. ಆದರೆ ಅಂಥ ಯಂತ್ರಕ್ಕೆ ತಿದ್ದುಪಡಿಗಳು ಮುಂದೆಯೂ ಬರುವುವೆಂಬ ಭರವಸೆಯನ್ನು ಮೈಕ್ರೋಸಾಫ್ಟಿನವರು ಕೊಡುವುದಿಲ್ಲ. ಮೇಲಾಗಿ ನನ್ನ ಮಗನು ಆಡುವುದು ವ್ಯಾಲೊರಂಟ್ ಎಂಬ ಆಟ. ಅದರಲ್ಲಿ ಮೋಸಗಾರರನ್ನು ಹಿಡಿಯಲು ವ್ಯಾನ್‌ಗಾರ್ಡ್ ಎಂಬ ಕಾವಲುಗಾರನಿರುವನು. ವಿಂಡೋಸ್ 11 ಇರುವ ಯಂತ್ರದಲ್ಲಿ ಟಿ.ಪಿ.ಎಂ. 2.0 ಮತ್ತು ಸೆಕ್ಯೂರ್ ಬೂಟ್ ನಡೆಯುತ್ತಿಲ್ಲವಾದರೆ ಅವನು ಆಟವನ್ನೇ ಬಿಡುವುದಿಲ್ಲ. ಹೀಗಾಗಿ, ಪರೀಕ್ಷೆಯನ್ನು ತಪ್ಪಿಸಿ ಹೊಸದನ್ನು ಹಾಕಿದರೂ ಆಟದ ಬಾಗಿಲಿನಲ್ಲಿ ಅದೇ ಪರೀಕ್ಷೆ ಮತ್ತೆ ಎದುರಾಗುವುದು.

ವಿಂಡೋಸನ್ನೇ ಬಿಟ್ಟು ಲಿನಕ್ಸ್‌ಗೆ ಹೋಗಬಾರದೇ ಎಂದು ಕೇಳುವವರೂ ಉಂಟು. ಅದು ಉಚಿತವಾದುದು, ಹಳೆಯ ಯಂತ್ರಗಳನ್ನೂ ಆದರಿಸುವುದು. ವಾಲ್ವ್ ಸಂಸ್ಥೆಯು 2018ರಲ್ಲಿ ಪ್ರೋಟಾನ್ ಎಂಬ ಸಾಧನವನ್ನು ಹೊರತಂದ ಮೇಲೆ ವಿಂಡೋಸಿಗಾಗಿ ಮಾಡಿದ ಅನೇಕ ಆಟಗಳು ಅದರ ಮೇಲೆಯೂ ನಡೆಯುತ್ತಿವೆ. ಕೌಂಟರ್-ಸ್ಟ್ರೈಕ್ 2 ಎಂಬುದಂತೂ ಲಿನಕ್ಸ್‌ಗಾಗಿಯೇ ಸಿದ್ಧವಾಗಿದೆ. ನಿಮ್ಮ ಮನೆಯ ಹುಡುಗನು ಆಡುವುದು ಅಂಥ ಆಟವಾದರೆ ಈ ದಾರಿಯನ್ನು ಅವಶ್ಯವಾಗಿ ಆಲೋಚಿಸಿರಿ. ಆದರೆ ವ್ಯಾನ್‌ಗಾರ್ಡ್ ಲಿನಕ್ಸ್‌ನಲ್ಲಿ ನಡೆಯುವುದಿಲ್ಲವಾದುದರಿಂದ ನಮ್ಮ ಪಾಲಿಗೆ ಆ ದಾರಿಯು ಮುಚ್ಚಿತು. ಯಾವ ಆಟವೆಂಬುದನ್ನು ಕೇಳದೆ ಯಾವ ವ್ಯವಸ್ಥೆಯೆಂದು ಹೇಳಬಾರದೆಂಬುದನ್ನು ನಾನು ಕಲಿತದ್ದು ಹೀಗೆ.

ಉಳಿದದ್ದು ಅಂಗಡಿಯವರ 70,000. ನಾನೂ ತಮ್ಮನೂ ಒಂದು ಭಾನುವಾರ ಯಂತ್ರದ ಮುಚ್ಚಳವನ್ನು ತೆಗೆದು, ಕೊಂಡಾಗಿನ ರಸೀತಿಯನ್ನು ಪಕ್ಕದಲ್ಲಿಟ್ಟುಕೊಂಡು ಪರೀಕ್ಷಿಸಿದೆವು. ಪ್ರೊಸೆಸರು ರೈಜೆನ್ 5 1600. ಎಂದರೆ ಪಟ್ಟಿಯ ಹೊಸ್ತಿಲಿನಿಂದ ಒಂದೇ ಮೆಟ್ಟಿಲು ಕೆಳಗೆ. ಆದರೆ ಅದು ಕುಳಿತಿರುವ ಎ.ಎಂ.4 ಎಂಬ ಪೀಠವಿದೆಯಲ್ಲಾ, ಅದೇ ಪೀಠದ ಮೇಲೆ ಅನಂತರ ಬಂದ 3000, 5000 ಶ್ರೇಣಿಯ ಪ್ರೊಸೆಸರುಗಳೂ ಕುಳಿತುಕೊಳ್ಳುವುವು, ಮದರ್‌ಬೋರ್ಡಿನ ಬಯೋಸ್ ಹೊಸದಾಗಿದ್ದರೆ. ಬೋರ್ಡನ್ನು ತಯಾರಿಸಿದವರ ಪಟ್ಟಿಯಲ್ಲಿ ನಮ್ಮ ಬೋರ್ಡಿಗೆ ರೈಜೆನ್ 5 5600 ಒಪ್ಪುವುದೆಂದು ಬರೆದಿತ್ತು. ಟಿ.ಪಿ.ಎಂ. ಸೌಕರ್ಯವೂ ಪ್ರೊಸೆಸರಿನೊಳಗೇ ಇದ್ದು, ಬಯೋಸಿನಲ್ಲಿ ಅದನ್ನು ತೆರೆಯುವುದಷ್ಟೇ ಬಾಕಿ. ಕೊನೆಗೆ ಸುಮಾರು 10,000 ರೂಪಾಯಿಯಲ್ಲಿ ಮುಗಿಯುವ ಕೆಲಸವೆಂದು ಕಂಡಿತು. ಎಲ್ಲ ಯಂತ್ರಗಳಿಗೂ ಹೀಗೆ ಸಾಧ್ಯವಿಲ್ಲ. ಇಂಟೆಲ್‌ನ ಏಳನೆಯ ಪೀಳಿಗೆಯವರಿಗೆ ಬೋರ್ಡನ್ನೂ ಬದಲಾಯಿಸಬೇಕಾಗಿ ಬರುವುದು. ಆದರೂ ಮುಚ್ಚಳವನ್ನು ತೆಗೆದು ನೋಡದೆ ಯಂತ್ರವನ್ನು ತೂಕಕ್ಕೆ ಹಾಕಬೇಡಿರಿ.

ಇಷ್ಟರಲ್ಲಿ ನಡೆದ ಒಂದು ಸಂಗತಿಯನ್ನು ಹೇಳಲೇಬೇಕು. ಸೆಕ್ಯೂರ್ ಬೂಟ್ ನಡೆಯಬೇಕಾದರೆ ಡಿಸ್ಕಿನ ವಿಭಾಗಗಳು ಜಿ.ಪಿ.ಟಿ. ಎಂಬ ಕ್ರಮದಲ್ಲಿರಬೇಕು, ನಮ್ಮದು ಹಳೆಯ ಎಂ.ಬಿ.ಆರ್. ಕ್ರಮದಲ್ಲಿದ್ದಿತು. ಮಗನು, “ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿಬಿಡುತ್ತೇನೆ, ಅಪ್ಪಾ, ಹಗುರವಾಗುತ್ತದೆ. ನನ್ನ ಆಟಗಳೆಲ್ಲ ಮರಳಿ ಇಳಿಯುತ್ತವೆ,” ಎಂದನು. ನಾನೂ ಆಗಲೆಂದೆ. ಮೂಲೆಯಲ್ಲಿ ಕುಳಿತು ಹೂ ಕಟ್ಟುತ್ತಿದ್ದ ನನ್ನ ತಾಯಿ ತಲೆಯೆತ್ತಿ, “ಮಗೂ, ನಿಮ್ಮ ತಾತನ ಭಾರತವಾಚನ ಅದರಲ್ಲೇ ಅಲ್ಲವೇ ಇರುವುದು?” ಎಂದು ಕೇಳಿದರು.

ನಮ್ಮ ತಂದೆಯವರು ಗಮಕ ಬಲ್ಲವರಾಗಿದ್ದರು. 2019ರಲ್ಲಿ ಶ್ರಾವಣದ ಸಂಜೆಗಳಲ್ಲಿ ಅವರು ಕುಮಾರವ್ಯಾಸನನ್ನು ವಾಚಿಸಿದಾಗ ಮಗನು ತನ್ನ ಮೊಬೈಲಿನಲ್ಲಿ ಧ್ವನಿಯನ್ನು ಹಿಡಿದು ಈ ಕಂಪ್ಯೂಟರಿಗೆ ತುಂಬಿದ್ದನು. ಆ ಮೊಬೈಲು ಎಂದೋ ಹಾಳಾಯಿತು. ತಂದೆಯವರು 2021ರಲ್ಲಿ ತೀರಿಕೊಂಡರು. ಹನ್ನೊಂದು ಸಂಜೆಗಳ ವಾಚನಕ್ಕೆ ಪ್ರತಿ ಎಂಬುದು ಲೋಕದಲ್ಲಿ ಅದೊಂದೇ. ಆಟದ ಒಂದೊಂದು ವಸ್ತುವೂ ಎಲ್ಲೆಲ್ಲಿ ಭದ್ರವಾಗಿದೆಯೆಂಬುದನ್ನು ಬಲ್ಲ ಮಗನಿಗೂ, ಲೆಕ್ಕಪತ್ರಗಳನ್ನು ಜೋಪಾನ ಮಾಡುವ ನನಗೂ ಇದು ನೆನಪಾಗಲಿಲ್ಲ. ಮಗನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಕೀಲಿಮಣೆಯಿಂದ ಕೈ ತೆಗೆದನು.

ಅಂದು ಮತ್ತೇನನ್ನೂ ಮಾಡಲಿಲ್ಲ. ಮಾರನೆಯ ದಿನ ಎರಡು ಹೊರಡಿಸ್ಕುಗಳಿಗೆ ವಾಚನ, ಭಾವಚಿತ್ರಗಳು, ಕಾಗದಪತ್ರಗಳನ್ನೆಲ್ಲ ಪ್ರತಿಮಾಡಿ, ಒಂದನ್ನು ತಮ್ಮನ ಮನೆಗೆ ಕಳುಹಿಸಿದೆವು. ಪ್ರತಿಯಾಯಿತೆಂದು ಯಂತ್ರ ಹೇಳಿದರೆ ಸಾಲದೆಂದು, ಒಂದು ಸಂಜೆಯ ವಾಚನವನ್ನು ಆ ಹೊರಡಿಸ್ಕಿನಿಂದಲೇ ಹಾಕಿ ಕೇಳಿದೆವು. ತಾಯಿಯವರು ಕೊನೆಯವರೆಗೂ ಕುಳಿತಿದ್ದರು.

ಅನಂತರದ ಕೆಲಸವು ಸುಲಭವಾಯಿತು. ಎಂ.ಬಿ.ಆರ್. ಕ್ರಮವನ್ನು ಅಳಿಸದೆಯೇ ಜಿ.ಪಿ.ಟಿ.ಗೆ ತಿರುಗಿಸುವ ಸಾಧನವು ವಿಂಡೋಸ್ 10ರೊಳಗೇ ಇದ್ದಿತು. ಹಳೆಯ ಪ್ರೊಸೆಸರು ಇರುವಾಗಲೇ ಬಯೋಸನ್ನು ಹೊಸದು ಮಾಡಿ, ಆಮೇಲೆ ಪ್ರೊಸೆಸರನ್ನು ಬದಲಾಯಿಸಿದೆವು. ಈ ಕ್ರಮ ತಪ್ಪಿದರೆ ಹೊಸ ಪ್ರೊಸೆಸರನ್ನು ಬೋರ್ಡು ಗುರುತಿಸದೆ ಯಂತ್ರವು ಏಳದೇ ಹೋಗಬಹುದು. ಬಯೋಸನ್ನು ಬದಲಿಸುವಾಗ ವಿದ್ಯುತ್ತು ಹೋದರೆ ಬೋರ್ಡೇ ಕೆಡುವ ಸಂಭವವಿರುವುದರಿಂದ ಯು.ಪಿ.ಎಸ್. ಇಲ್ಲದವರು ಆ ಕೆಲಸಕ್ಕೆ ಕೈಹಾಕಬಾರದು. ಸೆಕ್ಯೂರ್ ಬೂಟ್ ಮತ್ತು ಟಿ.ಪಿ.ಎಂ.ಗಳನ್ನು ತೆರೆದು, ವಿಂಡೋಸ್ 11ನ್ನು ಹಳೆಯದರ ಮೇಲೆಯೇ ಹಾಕಿದೆವು. ಇದಕ್ಕೆ ಬೇರೆ ಹಣ ಕೇಳುವುದಿಲ್ಲ. ಒಪ್ಪಿಗೆಯಾಗದಿದ್ದರೆ ಹತ್ತು ದಿನಗಳೊಳಗೆ ಹಿಂದಿರುಗಲು ಅವಕಾಶವೂ ಉಂಟು.

ಹೊಸದರಲ್ಲಿ ಆಟವು ವೇಗವಾಯಿತೆ ಎಂದರೆ, ವೇಗ ಬಂದದ್ದು ಹೊಸ ಪ್ರೊಸೆಸರಿನಿಂದ, ವಿಂಡೋಸಿನಿಂದಲ್ಲ. ವ್ಯವಸ್ಥೆಯನ್ನು ಬದಲಿಸಿದ ಮಾತ್ರಕ್ಕೆ ಆಟದಲ್ಲಿ ದೊಡ್ಡ ವ್ಯತ್ಯಾಸವನ್ನು ನಿರೀಕ್ಷಿಸಬಾರದು. ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆಯನ್ನು ಆರಿಸಿದರೆ ಕೆಲವು ಆಟಗಳು ಚುರುಕಾಗಬಹುದೆಂದು ಮೈಕ್ರೋಸಾಫ್ಟಿನವರೇ 2022ರಲ್ಲಿ ತಿಳಿಸಿದ್ದಾರೆ. ಹಾಗೆ ಆರಿಸಿದರೆ ಅಪಾಯವುಂಟೆಂದೂ ಎಚ್ಚರಿಸಿದ್ದಾರೆ. ಮಗನು ಅದನ್ನು ಕೇಳಿದಾಗ, ಬ್ಯಾಂಕಿನ ಕೆಲಸವನ್ನು ಬೇರೆ ಯಂತ್ರಕ್ಕೆ ಒಯ್ದ ದಿನ ಆರಿಸೋಣವೆಂದೆನು. ಅವನು ಒಪ್ಪಿದನು.

ಇಂಥ ಪ್ರಶ್ನೆಯಿರುವ ಮನೆಗಳವರು ಈ ಕ್ರಮವನ್ನು ಅನುಸರಿಸಬಹುದು:

1. ಯಂತ್ರದಲ್ಲಿ ಆಟವಲ್ಲದೆ ಮತ್ತೇನೇನಿದೆಯೆಂದು ಮನೆಯವರೆಲ್ಲರನ್ನೂ, ವಿಶೇಷವಾಗಿ ಹಿರಿಯರನ್ನು, ಕೇಳಿ ಪಟ್ಟಿಮಾಡಿರಿ.

2. ಎರಡು ಪ್ರತಿಗಳನ್ನು ಮಾಡಿ, ತೆರೆದು ನೋಡಿರಿ. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಅದರ ಮರುಪಡೆಯುವ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿರಿ. ಪ್ರೊಸೆಸರನ್ನು ಬದಲಿಸಿದರೆ ಯಂತ್ರವು ಅದನ್ನು ಕೇಳುವುದು.

3. ಆಡುವ ಆಟಗಳ ಹೆಸರನ್ನು ಬರೆದು, ಒಂದೊಂದೂ ಯಾವ ವ್ಯವಸ್ಥೆಯನ್ನು ಬೇಡುವುದೆಂದು ನೋಡಿರಿ. ಇಂದು ನಡೆಯುವ ಆಟಕ್ಕೂ ಕೊನೆಯುಂಟು. ಸ್ಟೀಮ್ ಎಂಬ ಆಟದ ಭಂಡಾರವು 2024ನೆಯ ಜನವರಿ 1ರಂದು ವಿಂಡೋಸ್ 7, 8ಗಳನ್ನು ಕೈಬಿಟ್ಟಿತು.

4. ಪ್ರೊಸೆಸರು ಮತ್ತು ಬೋರ್ಡಿನ ಹೆಸರನ್ನು ತಿಳಿದ ಮೇಲೆಯೇ ಅಂಗಡಿಗೆ ಹೋಗಿರಿ.

5. ತೀರ್ಮಾನವಾಗುವವರೆಗೆ ಬ್ಯಾಂಕಿನ ವ್ಯವಹಾರವನ್ನು ರಕ್ಷಣೆಯುಳ್ಳ ಬೇರೆ ಸಾಧನದಲ್ಲಿ ಮಾಡಿರಿ.

ಹೊಸದಕ್ಕೆ ಹೋಗಬೇಕೆ, ಹಳೆಯದರಲ್ಲಿರಬೇಕೆ ಎಂಬ ವಾದದಲ್ಲಿ ನಾವು ವಾರಗಟ್ಟಲೆ ಕಳೆದೆವು. ಯಂತ್ರವು ಯಾರ ಯಾರ ಯಾವ ಯಾವ ವಸ್ತುವನ್ನು ಕಾಯುತ್ತಿದೆಯೆಂದು ಮೊದಲು ಕೇಳಿದ್ದರೆ ಉತ್ತರವು ಒಂದೇ ಸಂಜೆಯಲ್ಲಿ ಸಿಕ್ಕುತ್ತಿತ್ತು. ಈಗ ಶನಿವಾರದ ಸಂಜೆ ಮಗನು ಆಟಕ್ಕೆ ಕೂರುವ ಮೊದಲು ಅರ್ಧ ಗಂಟೆ ಆ ಯಂತ್ರವು ಅವನ ಅಜ್ಜಿಗೆ ಸೇರುವುದು. ವಾಚನವು ಮುಗಿಯುವವರೆಗೆ ಅವನೂ ಪಕ್ಕದಲ್ಲಿಯೇ ಕುಳಿತಿರುವನು.