ಮೀನುತೊಟ್ಟಿಗೆ ಎಷ್ಟು ದೊಡ್ಡ ದೀಪ?

ಕ್ರಾಫರ್ಡ್ ಮಾರ್ಕೆಟ್ಟಿನಿಂದ ಬಣ್ಣದ ಮೀನುಗಳನ್ನು ತಂದು ಸಾಕುವ ಹವ್ಯಾಸವು ಮುಂಬಯಿಯ ಮಕ್ಕಳಾದ ನಮಗೆ ಹೊಸದಲ್ಲ. ತೊಟ್ಟಿಯ ನೀರು ಹಸಿರಾದರೆ, ಒಂದೆರಡು ಮೀನುಗಳು ಸತ್ತರೆ, ‘ಯು.ವಿ. ಸ್ಟೆರಿಲೈಜರ್’ ಎಂಬ ದೀಪದ ಉಪಕರಣವನ್ನು ಕೊಳ್ಳಿರೆಂಬ ಸಲಹೆ ಬರುವುದು. ಎಷ್ಟು ವಾಟಿನದೆಂದು ಕೇಳಿದರೆ, ದೊಡ್ಡದಾದಷ್ಟೂ ಒಳ್ಳೆಯದೆಂಬ ಉತ್ತರವೂ ಸಿದ್ಧವಾಗಿರುವುದು. ಲೆಕ್ಕ ಹಾಕಿ ನೋಡದೆ ಈ ಮಾತನ್ನು ಒಪ್ಪಬಾರದೆಂಬುದೇ ನಮ್ಮ ಅಭಿಪ್ರಾಯ.

ಈ ದೀಪವು ಸುಮಾರು 254 ನ್ಯಾನೊಮೀಟರ್ ಅಲೆಯುದ್ದದ ಅತಿನೇರಳೆ ಕಿರಣಗಳನ್ನು ಬೀರುತ್ತದೆ. ಅವು ಸೂಕ್ಷ್ಮಜೀವಿಗಳ ವಂಶವಾಹಿಯನ್ನು ಕೆಡಿಸಿ, ಅವು ವೃದ್ಧಿಯಾಗದಂತೆ ಮಾಡುತ್ತವೆ. ಆದರೆ ಕಿರಣದ ಫಲವು ದೀಪದ ಪ್ರಖರತೆಯನ್ನು ಮಾತ್ರವಲ್ಲ, ನೀರು ಆ ಬೆಳಕಿನಲ್ಲಿರುವ ಕಾಲವನ್ನೂ ಅವಲಂಬಿಸಿದೆ. ವಾಟನ್ನು ಪೆಟ್ಟಿಗೆಯ ಮೇಲೆ ಓದಬಹುದು. ಕಾಲವನ್ನು ನಾವೇ ಲೆಕ್ಕ ಹಾಕಬೇಕು.

90 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ ಮತ್ತು ಅಷ್ಟೇ ಎತ್ತರದ ತೊಟ್ಟಿಯೊಂದನ್ನು ತೆಗೆದುಕೊಳ್ಳೋಣ. ಗುಣಿಸಿದರೆ ಸುಮಾರು 182 ಲೀಟರು. ಮರಳು, ಕಲ್ಲು, ಮೇಲಿನ ಖಾಲಿ ಜಾಗಗಳನ್ನು ಕಳೆದರೆ 150 ಲೀಟರು ನೀರು ಉಳಿದೀತು. ದೀಪವಿರುವ ಕೊಳವೆಯು 1 ಲೀಟರು ನೀರು ಹಿಡಿಯುವುದೆಂದುಕೊಳ್ಳೋಣ. ಪಂಪು ಗಂಟೆಗೆ 300 ಲೀಟರು ಹರಿಸಿದರೆ ನೀರು ಸರಾಸರಿ 12 ಸೆಕೆಂಡು ಬೆಳಕಿನಲ್ಲಿರುವುದು. 1,200 ಲೀಟರು ಹರಿಸಿದರೆ 3 ಸೆಕೆಂಡು ಮಾತ್ರ. ದೀಪ ಅದೇ, ಪ್ರತಿ ಹನಿಗೂ ದೊರೆಯುವ ಕಿರಣ ಕಾಲುಪಾಲು!

ಉದ್ದೇಶವನ್ನೂ ಮರೆಯಬಾರದು. ನೀರನ್ನು ಹಸಿರಾಗಿಸುವ ತೇಲುಪಾಚಿಗೆ ಕಡಿಮೆ ಕಿರಣ ಸಾಕು. ಮೀನಿನ ಮೈಮೇಲೆ ಬಿಳಿಚುಕ್ಕೆ ತರುವ ಪರೋಪಜೀವಿಗೆ ಹೆಚ್ಚು ಬೇಕು. ಅದಕ್ಕೆ ಹರಿವು ನಿಧಾನವಾಗಿರಬೇಕು. ಆದುದರಿಂದ ಮೊದಲು ಉದ್ದೇಶ, ಅನಂತರ ನೀರಿನ ಅಳತೆ, ಆಮೇಲೆ ಪಂಪಿನ ವೇಗ, ಕೊನೆಗೆ ದೀಪ: ಇದೇ ಸರಿಯಾದ ಕ್ರಮ. ಚಿಕ್ಕ ದೀಪವು ಹುಸಿ ಧೈರ್ಯ ಕೊಡುವುದು. ಅತಿ ದೊಡ್ಡದು ನೀರನ್ನು ಬಿಸಿಮಾಡಿ, ಹಣವನ್ನೂ ವಿದ್ಯುತ್ತನ್ನೂ ವ್ಯರ್ಥಗೊಳಿಸುವುದು. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ.

ದೀಪವಿದ್ದರೆ ಬೇರೇನೂ ಬೇಡವೆನ್ನುವವರೂ ಉಂಟು. ಇದು ಸಲ್ಲದು. ತನ್ನ ಮುಂದೆ ಹಾಯ್ದ ಜೀವಿಗಳನ್ನಷ್ಟೇ ದೀಪವು ತಡೆಯಬಲ್ಲದು. ಮೀನಿನ ಮೈಗಂಟಿದವುಗಳನ್ನಾಗಲಿ, ಮರಳಿನಲ್ಲಡಗಿದವುಗಳನ್ನಾಗಲಿ ಅದು ಮುಟ್ಟಲಾರದು. ಮಿತಿಮೀರಿ ಹಾಕಿದ ಆಹಾರವು ಕೊಳೆತು ಹುಟ್ಟುವ ಅಮೋನಿಯವನ್ನೂ ತೆಗೆಯಲಾರದು. ನೀರು ಬದಲಿಸುವ ಸೋಮಾರಿತನಕ್ಕೆ ಯಾವ ವಾಟಿನ ದೀಪವೂ ಮದ್ದಲ್ಲ. ಇನ್ನೊಂದು ಎಚ್ಚರಿಕೆ: ಉರಿಯುತ್ತಿರುವ ಈ ದೀಪವನ್ನು ಬರಿಗಣ್ಣಿನಿಂದ ಎಂದೂ ನೋಡಕೂಡದು, ಕಣ್ಣಿಗೆ ಅಪಾಯ.

ಕೆರೆಯ ಮೀನು ಕೆಟ್ಟ ನೀರನ್ನು ಬಿಟ್ಟು ಒಳ್ಳೆಯ ನೀರಿಗೆ ಹೋಗಬಲ್ಲದು. ಗಾಜಿನೊಳಗಿನ ಮೀನಿಗೆ ಆ ದಾರಿಯಿಲ್ಲ. ಅದನ್ನು ತಂದಿಟ್ಟವರು ನಾವು. ಆದಕಾರಣ ಅಂಗಡಿಗೆ ಹೊರಡುವ ಮುನ್ನ ಅಳತೆಪಟ್ಟಿಯನ್ನು ಕೈಗೆತ್ತಿಕೊಳ್ಳೋಣ. ತರಗತಿಯಲ್ಲಿ ಕಲಿತ ಘನಫಲದ ಲೆಕ್ಕವು ಒಂದು ಜೀವವನ್ನು ಉಳಿಸುವುದಾದರೆ, ಅದಕ್ಕಿಂತ ಸಾರ್ಥಕವಾದ ಗಣಿತವುಂಟೆ?