ಸಮಾನ ವೇತನವೂ ಮನೆಯ ದುಡಿಮೆಯೂ

ಸ್ತ್ರೀಯರು ಉದ್ಯೋಗ ಮಾಡಬೇಕೆ, ಬೇಡವೆ ಎಂಬ ಚರ್ಚೆ ನಮ್ಮ ಭಾಷಣ ಸ್ಪರ್ಧೆಗಳಲ್ಲಿ ಇಂದಿಗೂ ನಡೆಯುವುದುಂಟು. ಆದರೆ ಮುಂಬಯಿಯಂತಹ ಮಹಾನಗರದಲ್ಲಿ ಬಾಳುವ ನಮಗೆ ಆ ಪ್ರಶ್ನೆ ಎಂದೋ ತೀರಿಹೋದುದು. ಬೆಳಗಿನ ರೈಲುಗಾಡಿಗಳನ್ನು ನೋಡಿದರೆ ಸಾಕು. ಕಚೇರಿ, ಬ್ಯಾಂಕು, ಆಸ್ಪತ್ರೆ, ಶಾಲೆ, ಕಾರ್ಖಾನೆಗಳಿಗೆ ಧಾವಿಸುವ ಹೆಂಗಸರ ಸಂಖ್ಯೆ ಎಷ್ಟು ಬೆಳೆಯಿತೆಂದರೆ, 1992ರಲ್ಲಿ ಪಶ್ಚಿಮ ರೈಲ್ವೆಯು ಚರ್ಚ್‌ಗೇಟ್ ಮತ್ತು ಬೋರಿವಲಿಗಳ ನಡುವೆ ಅವರಿಗಾಗಿಯೇ ಪ್ರತ್ಯೇಕ ಗಾಡಿಯೊಂದನ್ನು ಓಡಿಸತೊಡಗಿತು. ಆದುದರಿಂದ ನಾವು ಇಂದು ಕೇಳಬೇಕಾದ ಪ್ರಶ್ನೆ ಬೇರೆ. ದುಡಿಯುವ ಸ್ತ್ರೀಗೆ ಅವಳ ದುಡಿಮೆಯ ಸರಿಯಾದ ಬೆಲೆ ದೊರೆಯುತ್ತಿದೆಯೆ? ದೊರೆಯದಿದ್ದರೆ ಅದಕ್ಕೆ ಕಾರಣವೇನು?

ಸ್ತ್ರೀಯ ದುಡಿಮೆಯು ಪಾಶ್ಚಾತ್ಯರಿಂದ ಬಂದ ಹೊಸ ಪದ್ಧತಿಯೆಂದು ತಿಳಿಯುವುದು ಸರಿಯಲ್ಲ. ನಮ್ಮ ನಾಡಿನ ಗದ್ದೆಗಳಲ್ಲಿ ನಾಟಿ ಮಾಡುವವರು, ಕಳೆ ಕೀಳುವವರು ಹೆಚ್ಚಾಗಿ ಹೆಂಗಸರೇ. ಕರಾವಳಿಯ ಹಳ್ಳಿಗಳಲ್ಲಿ ಬೀಡಿ ಕಟ್ಟಿ ಸಂಸಾರ ಸಾಗಿಸಿದ ತಾಯಂದಿರು ಅಸಂಖ್ಯರು. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ನೂಲುವ ಕಾಯಕದ ಕದಿರ ರೆಮ್ಮವ್ವೆಯೂ, ಅಕ್ಕಿ ಆಯುವ ಕಾಯಕದ ಆಯ್ದಕ್ಕಿ ಲಕ್ಕಮ್ಮನೂ ತಮ್ಮ ದುಡಿಮೆಯನ್ನೇ ಹೆಸರಿನ ಭೂಷಣವಾಗಿ ಪಡೆದವರು. ಹೀಗೆ ದುಡಿಮೆಯೇನೋ ಹಳೆಯದು. ವಿಷಾದದ ಸಂಗತಿಯೆಂದರೆ, ಅದಕ್ಕೆ ಕಡಿಮೆ ಬೆಲೆ ಕಟ್ಟುವ ರೂಢಿಯೂ ಅಷ್ಟೇ ಹಳೆಯದು.

ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಈ ನಗರಕ್ಕೆ ಬಂದ ಕನ್ನಡ ಕುಟುಂಬಗಳು ಎಷ್ಟೋ ಇವೆ. ಮುಂಜಾನೆ ನಾಕಾದಲ್ಲಿ ಗಂಡ ಹೆಂಡಿರಿಬ್ಬರೂ ಕೂಲಿಗಾಗಿ ಕಾದು ನಿಲ್ಲುತ್ತಾರೆ. ಇಬ್ಬರೂ ಹಗಲೆಲ್ಲ ಬಿಸಿಲಿನಲ್ಲಿ ಮರಳು, ಇಟ್ಟಿಗೆ ಹೊರುತ್ತಾರೆ. ಸಂಜೆ ಕೂಲಿ ಎಣಿಸುವಾಗ ಮಾತ್ರ ಗಂಡಾಳಿನ ದರ ಒಂದು, ಹೆಣ್ಣಾಳಿನ ದರ ಅದಕ್ಕಿಂತ ಕಡಿಮೆ. ಅವಳು ಗೌಂಡಿಯ ಕೆಲಸ ಕಲಿತು ಮೇಲೇರುವುದಂತೂ ತೀರ ಅಪರೂಪ. ಎಷ್ಟು ವರ್ಷ ದುಡಿದರೂ ತಲೆಯ ಮೇಲಿನ ಬುಟ್ಟಿ ಇಳಿಯುವುದಿಲ್ಲ.

ವಿದ್ಯೆ ಬಂದರೆ ಈ ಭೇದ ತಾನಾಗಿ ಅಳಿಯುವುದೆಂದು ನಂಬುವವರಿದ್ದಾರೆ. ಅಂತಹವರು ಆಡ್ರಿ ಡಿಕೋಸ್ಟಾ ಎಂಬ ಮಹಿಳೆಯ ಮೊಕದ್ದಮೆಯನ್ನು ನೆನೆಯಬೇಕು. ಅವರು ಮುಂಬಯಿಯ ಮೆಕಿನನ್ ಮೆಕೆಂಜಿ ಕಂಪನಿಯಲ್ಲಿ ಶೀಘ್ರಲಿಪಿಕಾರರಾಗಿದ್ದರು. ಅದೇ ಕೆಲಸ ಮಾಡುವ ಪುರುಷರಿಗೆ ಅಲ್ಲಿ ಹೆಚ್ಚಿನ ವೇತನವಿತ್ತು. 1977ರಲ್ಲಿ ಅವರ ನೌಕರಿ ಮುಗಿಯಿತು. ಅದರ ಹಿಂದಿನ ವರ್ಷವಷ್ಟೇ ಸಮಾನ ವೇತನದ ಕಾಯಿದೆ ಜಾರಿಗೆ ಬಂದಿತ್ತು. ಅದರ ಆಧಾರದ ಮೇಲೆ ಅವರು ವೇತನದ ವ್ಯತ್ಯಾಸವನ್ನು ಕೇಳಿದರು. ಮಹಿಳೆಯರ ಕೆಲಸ ಬೇರೆ ಬಗೆಯದೆಂದು ಕಂಪನಿ ವಾದಿಸಿತು. ಸಮಾನವಾಗಿ ಕೊಡುವ ಆರ್ಥಿಕ ಶಕ್ತಿ ತನಗಿಲ್ಲವೆಂದೂ ಹೇಳಿತು. 1987ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಎರಡು ವಾದಗಳನ್ನೂ ತಳ್ಳಿಹಾಕಿತು. ಒಬ್ಬ ಸುಶಿಕ್ಷಿತ ಮಹಿಳೆ, ಸಂವಿಧಾನದ 39ನೆಯ ಅನುಚ್ಛೇದದಲ್ಲಿಯೇ ಬರೆದಿರುವ ತತ್ವವೊಂದಕ್ಕಾಗಿ, ಹತ್ತು ವರ್ಷ ಕಾಯಬೇಕಾಯಿತು. ಇನ್ನು ನಾಕಾದ ಹೆಣ್ಣಾಳು ಯಾವ ನ್ಯಾಯಾಲಯದ ಮೆಟ್ಟಿಲೇರಬಲ್ಲಳು? ಆ ತತ್ವವೀಗ 2019ರ ವೇತನ ಸಂಹಿತೆಯಲ್ಲಿಯೂ ಸೇರಿದೆ. ಆದರೆ ಕಾನೂನಿನ ಪುಸ್ತಕದಿಂದ ಕೂಲಿಯ ಲೆಕ್ಕದವರೆಗಿನ ದಾರಿ ಬಹಳ ದೀರ್ಘವಾದುದು.

ಈ ಅಸಮಾನತೆ ಏಕೆ ಉಳಿದಿದೆ? ಮನೆಯ ಹೊಣೆಯೆಲ್ಲ ಹೆಣ್ಣಿನದೆಂದು ಸಮಾಜ ಮೊದಲೇ ತೀರ್ಮಾನಿಸಿರುವುದೇ ಇದರ ಮೂಲವೆಂದು ನನ್ನ ಅಭಿಪ್ರಾಯ. ಕೊಡಗಿನ ವಿರಾಜಪೇಟೆಯವರಾದ ಸಿ. ಬಿ. ಮುತ್ತಮ್ಮನವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಯನ್ನು ಸೇರಿದ ಪ್ರಥಮ ಮಹಿಳೆ. ಆ ಸೇವೆಯ ನಿಯಮಗಳಂತೆ ಮಹಿಳಾ ಅಧಿಕಾರಿ ವಿವಾಹಕ್ಕೆ ಮುನ್ನ ಸರ್ಕಾರದ ಅನುಮತಿ ಪಡೆಯಬೇಕಿತ್ತು. ಸಂಸಾರದಿಂದ ಕರ್ತವ್ಯಕ್ಕೆ ಅಡ್ಡಿಯಾಗುವುದೆಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೊಡಬೇಕಿತ್ತು. ಪುರುಷ ಅಧಿಕಾರಿಗೆ ಇಂತಹ ಕಟ್ಟುಪಾಡು ಇರಲಿಲ್ಲ. ಮುತ್ತಮ್ಮನವರು ಇದನ್ನು ಪ್ರಶ್ನಿಸಿದಾಗ, ಸಂಸಾರದ ತೊಡಕು ಪುರುಷನಿಗೂ ಬರಬಹುದಲ್ಲವೆ ಎಂಬ ಮಾತನ್ನು ಸರ್ವೋಚ್ಚ ನ್ಯಾಯಾಲಯ 1979ರ ತನ್ನ ತೀರ್ಪಿನಲ್ಲಿ ಎತ್ತಿ ತೋರಿಸಿತು.

ನ್ಯಾಯಾಧೀಶರು ಕಂಡ ಈ ಸತ್ಯವನ್ನು ನಮ್ಮ ಮನೆಗಳು ಇನ್ನೂ ಕಂಡಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯನ್ನು ನೋಡಿರಿ. ಆರು ವರ್ಷ ಮೇಲ್ಪಟ್ಟವರಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರು ನೂರಕ್ಕೆ 81, ಪುರುಷರು ನೂರಕ್ಕೆ 26. ಹಾಗೆ ತೊಡಗಿದ ಸ್ತ್ರೀಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ವ್ಯಯಿಸಿದರೆ, ಪುರುಷರು 97 ನಿಮಿಷಗಳನ್ನು ಮಾತ್ರ. ಸಂಜೆಯ ಗಾಡಿಯಲ್ಲಿಯೇ ಮೆಂತ್ಯದ ಸೊಪ್ಪು ಬಿಡಿಸುತ್ತ, ಬಟಾಣಿ ಸುಲಿಯುತ್ತ ಬರುವ ಹೆಂಗಸರನ್ನು ಕಂಡವರಿಗೆ ಈ ಲೆಕ್ಕ ಆಶ್ಚರ್ಯವನ್ನುಂಟುಮಾಡದು. ಇವರು ಹೆಚ್ಚು ಹೊತ್ತು ನಿಲ್ಲಲಾರರೆಂದು ಯಜಮಾನ ಕಡಿಮೆ ಸಂಬಳ ಗೊತ್ತುಮಾಡುತ್ತಾನೆ. ಸಂಬಳ ಕಡಿಮೆಯಾದುದರಿಂದ, ಮಗುವಿಗೆ ಕಾಯಿಲೆಯಾದಾಗ ರಜೆ ಹಾಕುವವಳೂ ಅವಳೇ, ಕೊನೆಗೆ ಕೆಲಸ ಬಿಡುವವಳೂ ಅವಳೇ. ಹೀಗೆ ಒಂದು ಅನ್ಯಾಯ ಇನ್ನೊಂದನ್ನು ಪೋಷಿಸುತ್ತದೆ.

ಸಂಸಾರಕ್ಕೆ ಪುರುಷನೇ ಆಧಾರ, ಆದುದರಿಂದ ಅವನಿಗೆ ಹೆಚ್ಚು ವೇತನ ನ್ಯಾಯವೆಂದು ಕೆಲವರು ವಾದಿಸುತ್ತಾರೆ. ಹಾಗಾದರೆ ಬ್ರಹ್ಮಚಾರಿಗೆ ಕಡಿಮೆ, ನಾಲ್ಕು ಮಕ್ಕಳ ತಂದೆಗೆ ಹೆಚ್ಚು ಕೊಡಬೇಕಾದೀತು. ಹಾಗೆ ಯಾರೂ ಕೊಡುವುದಿಲ್ಲ. ವೇತನವು ಕೆಲಸಕ್ಕೆ ಸಲ್ಲುವ ಬೆಲೆ. ಪತಿಯನ್ನು ಕಳೆದುಕೊಂಡು ಒಬ್ಬಳೇ ಮಕ್ಕಳನ್ನು ಸಾಕುವ ತಾಯಿಯನ್ನು ಈ ವಾದ ಮರೆತೇಬಿಡುತ್ತದೆ.

ತಾಯಿ ಹೊರಗೆ ದುಡಿದರೆ ಮಕ್ಕಳ ಪಾಲನೆ ಕೆಡುವುದೆಂಬ ಆಕ್ಷೇಪ ಇದಕ್ಕಿಂತ ತೂಕವುಳ್ಳದ್ದು. ಹಸುಳೆಗೆ ತಾಯಿ ಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಅದಕ್ಕಾಗಿಯೇ 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿ ಮಾಡಿ, ಮೊದಲ ಎರಡು ಮಕ್ಕಳಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಲಾಯಿತು. 50 ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರವೂ ಕಡ್ಡಾಯವಾಯಿತು. ಆದರೆ ಮನೆಗೆಲಸದವಳಿಗೆ, ನಾಕಾದ ಕೂಲಿಗೆ ಇದರ ಪ್ರಯೋಜನ ತಲುಪುವುದು ದುರ್ಲಭ. ಮತ್ತೊಂದು ಕೊರತೆಯೂ ಇದೆ. ಕೇಂದ್ರ ಸರ್ಕಾರದ ಪುರುಷ ನೌಕರನಿಗೆ ಮಗು ಹುಟ್ಟಿದಾಗ 15 ದಿನಗಳ ರಜೆ ಸಿಗುತ್ತದೆ. ಖಾಸಗಿ ಕಂಪನಿಯ ನೌಕರನಿಗೆ ಕಾನೂನು ಅಷ್ಟನ್ನೂ ವಿಧಿಸಿಲ್ಲ. ಮಗು ಇಬ್ಬರದು, ರಜೆ ಒಬ್ಬಳದೇ ಎಂದಾದರೆ, ಹೆಣ್ಣನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ಯಜಮಾನ ಹಿಂಜರಿಯದೆ ಇರುತ್ತಾನೆಯೆ? ತಂದೆಗೂ ಹಕ್ಕಿನ ರಜೆ ದೊರೆಯತಕ್ಕದ್ದು.

ವಿದ್ಯಾರ್ಥಿ ಮಿತ್ರರೇ, ಕಾನೂನು ಮಾಡುವುದು ನಮ್ಮ ಕೈಯಲ್ಲಿಲ್ಲ. ಆದರೆ ಆ ಸಮೀಕ್ಷೆಯ ಲೆಕ್ಕ ಆರನೆಯ ವಯಸ್ಸಿನಿಂದಲೇ ಆರಂಭವಾಗುತ್ತದೆಂಬುದನ್ನು ಗಮನಿಸಿರಿ. ಅಂದರೆ ನಾವೂ ಅದರಲ್ಲಿದ್ದೇವೆ. ಪರೀಕ್ಷೆ ಅಕ್ಕನಿಗೂ ಇದೆ, ತಮ್ಮನಿಗೂ ಇದೆ. ಆದರೆ ನಲ್ಲಿಯಲ್ಲಿ ನೀರು ಬಂದಾಗ ಪುಸ್ತಕ ಮುಚ್ಚಿ ಏಳುವವಳು ಅಕ್ಕ. ಉಂಡ ತಟ್ಟೆಯನ್ನು ಅಲ್ಲಿಯೇ ಬಿಟ್ಟು ಏಳುವ ಹುಡುಗನೇ ಮುಂದೆ ಕಚೇರಿಯ ಅಧಿಕಾರಿಯಾಗುತ್ತಾನೆ, ಕಟ್ಟಡದ ಗುತ್ತಿಗೆದಾರನಾಗುತ್ತಾನೆ. ಹೆಣ್ಣಿನ ಹೊತ್ತಿಗೆ ಬೆಲೆಯಿಲ್ಲವೆಂಬ ಪಾಠವನ್ನು ಅವನು ಮನೆಯಲ್ಲಿಯೇ ಕಲಿತಿರುತ್ತಾನೆ. ಹುಡುಗರು ನೀರು ತುಂಬಲಿ, ಪಾತ್ರೆ ತೊಳೆಯಲಿ, ಅನ್ನ ಮಾಡುವುದನ್ನು ಕಲಿಯಲಿ. ಇದು ತಾಯಿಗೆ ಮಾಡುವ ಉಪಕಾರವಲ್ಲ, ನಮ್ಮ ಪಾಲಿನ ಕೆಲಸ. ಹುಡುಗಿಯರು ನಾಳೆ ನೌಕರಿಗೆ ಸೇರುವಾಗ, ಇದೇ ಕೆಲಸಕ್ಕೆ ಪುರುಷರಿಗೆಷ್ಟು ಕೊಡುತ್ತೀರಿ ಎಂದು ಸಂಕೋಚವಿಲ್ಲದೆ ಕೇಳಲಿ. ಮನೆಯಲ್ಲಿ ಹೊರೆ ಹಂಚಿಕೊಳ್ಳಲು ಕಲಿತ ಸಮಾಜವೇ ಹೊರಗೆ ಕೂಲಿಯನ್ನು ಸಮನಾಗಿ ಹಂಚಬಲ್ಲದು.