ಹಾಲಿಗೆ ದಿನಕ್ಕೆ ಎರಡು ಸಲ ಅಳತೆ, ಹಾಲು ತರೋರಿಗೆ ವರ್ಷಕ್ಕೊಂದೂ ಇಲ್ಲ

ಈ ವಾರ ತೆಂಗು, ರಾಗಿ, ಡ್ರಿಪ್ಪು ಯಾವುದೂ ಅಲ್ಲ. ಬಿಪಿ ಬಗ್ಗೆ ಬರೀತಿದೀನಿ. ನಾನು ಡಾಕ್ಟರಲ್ಲ, ಯಾರಿಗೆ ಯಾವ ಮಾತ್ರೆ ಅಂತ ಹೇಳೋಕೆ ಬಂದಿಲ್ಲ. ಹೇಳೋದಿರೋದು ಅಳತೆ ಬಗ್ಗೆ. ಅದು ರೈತರಿಗೆ ಹೊಸ ವಿಷಯ ಅಲ್ಲ.

ಬೆಳಿಗ್ಗೆ ಯಾವುದಾದ್ರೂ ಊರಿನ ಹಾಲಿನ ಡೈರಿ ಮುಂದೆ ಹತ್ತು ನಿಮಿಷ ನಿಂತು ನೋಡಿ. ಒಬ್ಬೊಬ್ಬರ ಕ್ಯಾನಿಂದಲೂ ಸ್ಯಾಂಪಲ್ ತೆಗೀತಾರೆ, ಮಿಷನ್ನಿಗೆ ಹಾಕ್ತಾರೆ, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ಚೀಟಿ ಬರುತ್ತೆ. ಒಂದೆರಡು ಪಾಯಿಂಟ್ ಕಡಿಮೆ ಬಂದ್ರೆ "ನಿನ್ನೆ 4.2 ಇತ್ತಲ್ಲಣ್ಣ, ಇವತ್ತು 3.8 ಹೆಂಗಾಯ್ತು?" ಅಂತ ಜಗಳ. ಸಂಜೆ ಮತ್ತೆ ಅದೇ ಅಳತೆ. ಅದೇ ಸಾಲಲ್ಲಿ ನಿಂತೋರನ್ನ "ನಿಮ್ಮ ಬಿಪಿ ಎಷ್ಟಿದೆ?" ಅಂತ ಕೇಳಿ. "ನಂಗೆಂಥದೂ ಇಲ್ಲ ಬಿಡಿ, ಚೆನ್ನಾಗೇ ಇದೀನಿ" ಅಂತಾರೆ. ಅಳೆಸಿದ್ದು ಯಾವಾಗ ಅಂದ್ರೆ ಉತ್ತರ ಇಲ್ಲ. ಹೆಂಗಸರಾದ್ರೆ ಬಸುರಿಯಾಗಿದ್ದಾಗ ತಾಯಿ ಕಾರ್ಡಲ್ಲಿ ಬರೆದದ್ದೇ ಕೊನೆ. ಆ ಮಗು ಈಗ ಕಾಲೇಜಿಗೆ ಹೋಗ್ತಿರುತ್ತೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಪ್ರತಿ ಹಾಲಿನ ಡೈರಿಯಲ್ಲೂ ಒಂದು ಬಿಪಿ ಮಿಷನ್, ಬೆನ್ನು ಒರಗೋ ಒಂದು ಕುರ್ಚಿ, ಒಂದು ಪುಸ್ತಕ ಇರಬೇಕು. ಯಾಕೆ ಅಂತ ಮುಂದೆ ಓದಿ.

ನಮ್ಮ ಮಾತಲ್ಲೇ ಒಂದು ತೊಡಕಿದೆ. ಯಾರಾದ್ರೂ ಸಿಟ್ಟು ಬರಿಸಿದ್ರೆ "ನನ್ನ ಬಿಪಿ ಏರಿಸಬೇಡ" ಅಂತೀವಿ. ಹಂಗಾಗಿ ಬಿಪಿ ಅಂದ್ರೆ ಸಿಟ್ಟಿನ ಕಾಯಿಲೆ, ಜೋರು ಬಾಯಿಯವರಿಗೆ ಬರೋದು, ತಲೆ ಸುತ್ತಿದ್ರೆ, ಕತ್ತು ಹಿಡಿದ್ರೆ ಗೊತ್ತಾಗೋದು ಅಂತ ತಲೇಲಿ ಕೂತಿದೆ. ಸಿಟ್ಟು ಬಂದಾಗ ಏರೋದು ನಿಜ, ಸ್ವಲ್ಪ ಹೊತ್ತಿಗೆ ಇಳಿಯುತ್ತೆ. ಕಾಯಿಲೆ ಅನ್ನೋದು ಸುಮ್ಮನೆ ಕೂತಾಗಲೂ, ನೆಮ್ಮದಿಯಾಗಿದ್ದಾಗಲೂ ಏರಿಯೇ ಇರೋದು. ಅದು ಬಹುಪಾಲು ಜನಕ್ಕೆ ಗೊತ್ತೇ ಆಗಲ್ಲ. ಶಾಂತ ಸ್ವಭಾವದವರಿಗೂ ಇರುತ್ತೆ, ಬೆವರು ಸುರಿಸಿ ದುಡಿಯೋರಿಗೂ ಇರುತ್ತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019-21ರ ಲೆಕ್ಕದಲ್ಲಿ, ದೇಶದಲ್ಲಿ 15 ವರ್ಷ ದಾಟಿದ ಹೆಂಗಸರಲ್ಲಿ ಶೇ. 21, ಗಂಡಸರಲ್ಲಿ ಶೇ. 24 ಜನಕ್ಕೆ ಬಿಪಿ ಜಾಸ್ತಿ ಇದೆ ಅಥವಾ ಅದಕ್ಕೆ ಮಾತ್ರೆ ತಗೊಳ್ತಿದಾರೆ. ಡೈರಿ ಸಾಲಲ್ಲಿ ನಿಂತ ಐದು ಜನರಲ್ಲಿ ಒಬ್ಬರು ಅಂತ ಇಟ್ಕೊಳ್ಳಿ.

ಬಿಪಿ ಅಂದ್ರೆ ಏನು ಅನ್ನೋದು ಮೋಟರ್ ಇಟ್ಟೋರಿಗೆ ಬೇಗ ಅರ್ಥ ಆಗುತ್ತೆ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಅನ್ನೋ ಪಾದ್ರಿ ಒಂದು ಕುದುರೆಯ ರಕ್ತನಾಳಕ್ಕೆ ಕೊಳವೆ ಸಿಕ್ಕಿಸಿ, ಉದ್ದದ ಗಾಜಿನ ನಳಿಗೆ ನಿಲ್ಲಿಸಿ ನೋಡಿದ. ರಕ್ತ ಎಂಟಡಿಗೂ ಮೇಲಕ್ಕೆ ಏರಿ ನಿಂತಿತ್ತು. ಅದನ್ನ 1733ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಅಂದ್ರೆ ನಾವು ಬೋರಿಗೆ ಹೇಳೋ 'ಹೆಡ್' ಲೆಕ್ಕವೇ. ಈಗಿನ 120 ಅಂದ್ರೆ 120 ಮಿಲಿಮೀಟರ್ ಪಾದರಸ, ನೀರಿನ ಲೆಕ್ಕದಲ್ಲಿ ಸುಮಾರು ಐದೂಕಾಲು ಅಡಿ. 160 ಅಂದ್ರೆ ಏಳಡಿ. ಮೇಲಿನ ಅಂಕಿ ಹೃದಯ ಒತ್ತಿದಾಗಿನ ಒತ್ತಡ, ಕೆಳಗಿನದು ಸಡಿಲಿಸಿದಾಗಿನದು.

ನಮ್ಮ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತೆ. ದಿನಕ್ಕೆ 7,200 ಲೀಟರ್, ಒಂದು ದೊಡ್ಡ ಟ್ಯಾಂಕರಿನಷ್ಟು. ತ್ರೀ ಫೇಸ್ ಕರೆಂಟು ಕಾಯಂಗಿಲ್ಲ, ರಜೆ ಇಲ್ಲ. ಐದೂಕಾಲು ಅಡಿಗೆ ಎತ್ತಬೇಕಾದ ಮೋಟರನ್ನ ಹತ್ತು ಹದಿನೈದು ವರ್ಷ ಏಳಡಿಗೆ ಎತ್ತಿಸಿದ್ರೆ ಮೋಟರೂ ದಣಿಯುತ್ತೆ, ಪೈಪೂ ಹಾಳಾಗುತ್ತೆ. ದೇಹದಲ್ಲಿ ಆ ಸಣ್ಣ ಪೈಪುಗಳಿರೋದು ಮಿದುಳು, ಕಿಡ್ನಿ, ಕಣ್ಣಿನಲ್ಲಿ. ಡ್ರಿಪ್ ಪೈಪ್ ಕಿತ್ತೋದ್ರೆ ಜಾಯಿಂಟ್ ಹಾಕ್ತೀವಿ. ಮಿದುಳಿನದಕ್ಕೆ ಹಂಗೆ ಹಾಕೋಕಾಗಲ್ಲ.

ತೆಂಗು ಇರೋರಿಗೆ ಕೆಂಪುಮೂತಿ ಹುಳದ ಕಥೆ ಗೊತ್ತು. ಮರ ಹಸಿರಾಗೇ ಇರುತ್ತೆ, ಕಾಯಿ ಬಿಡ್ತಿರುತ್ತೆ, ಒಳಗೆ ಕಾಂಡ ಟೊಳ್ಳಾಗಿರುತ್ತೆ. ಸುಳಿ ಬಗ್ಗಿದ ಮೇಲೆ ನೋಡಿದ್ರೆ ಮಾಡೋಕೆ ಏನೂ ಉಳಿದಿರಲ್ಲ. ನಮ್ಮ ಕೇರಿಯ ಒಬ್ಬರ ವಿಷಯದಲ್ಲಿ ಹಿಂಗೇ ಆಯ್ತು. ಐವತ್ತು ದಾಟಿದ ಗಟ್ಟಿ ಆಳು. ಒಮ್ಮೆ ಬಿಪಿ ಜಾಸ್ತಿ ಅಂತ ಗೊತ್ತಾಗಿ ಮೂರು ತಿಂಗಳು ಮಾತ್ರೆ ನುಂಗಿದ್ರು. ಆಮೇಲೆ ನೋಡಿಸಿದಾಗ 126 ಬಂತು. "ನಾರ್ಮಲ್ ಆಯ್ತಲ್ಲ, ಇನ್ಯಾಕೆ" ಅಂತ ಬಿಟ್ಟುಬಿಟ್ರು. ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಹಸು ಕರೆಯೋಕೆ ಕೂತೋರು ಎಡಕ್ಕೆ ವಾಲಿಬಿಟ್ರು. ಈಗ ಎಡಗೈ, ಎಡಗಾಲು ಆಡಲ್ಲ. ನಾಲ್ಕು ಹಸುವಿನಲ್ಲಿ ಮೂರು ಮಾರಿದಾರೆ. ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದ. ಮನೆಯಾಕೆ ಗಂಡನ್ನೂ ನೋಡಬೇಕು, ಹೊಲಾನೂ ನೋಡಬೇಕು.

126 ಬಂದದ್ದು ಮಾತ್ರೆಯಿಂದ. ಬೇಲಿ ಹಾಕಿದ ಮೇಲೆ ಹಂದಿ ನುಗ್ತಿಲ್ಲ ಅಂತ ಯಾರಾದ್ರೂ ಬೇಲಿ ಕೀಳ್ತೀವಾ? "ಒಮ್ಮೆ ಶುರು ಮಾಡಿದ್ರೆ ಸಾಯೋವರೆಗೂ ನುಂಗಬೇಕು, ಅದಕ್ಕೇ ಶುರುವೇ ಮಾಡಲ್ಲ" ಅನ್ನೋರಿದಾರೆ. ಅದು ಚಟ ಅಲ್ಲ ಸ್ವಾಮಿ, ಕಾವಲು. ತೂಕ ಇಳಿಸಿ, ಉಪ್ಪು, ಕುಡಿತ ಕಡಿಮೆ ಮಾಡಿದೋರಿಗೆ ಡಾಕ್ಟರೇ ಡೋಸ್ ಇಳಿಸೋದುಂಟು. ಆದ್ರೆ ಅದನ್ನ ಅವರು ಅಳತೆ ನೋಡಿ ಮಾಡಬೇಕು, ನಾವು ಅಂದಾಜಲ್ಲಿ ಅಲ್ಲ. ಕೆಲವರಿಗೆ ಅಮ್ಲೋಡಿಪಿನ್‌ನಿಂದ ಪಾದ ಊದುತ್ತೆ, ಎನಾಲಾಪ್ರಿಲ್‌ನಿಂದ ಒಣಕೆಮ್ಮು ಬರುತ್ತೆ. ಹಂಗಾದ್ರೆ ಹೋಗಿ ಹೇಳಿ, ಬೇರೆ ಕೊಡ್ತಾರೆ. ಹೇಳದೆ ಬಿಡೋದೇ ಅಪಾಯ.

"ಇಂಗ್ಲಿಷ್ ಮಾತ್ರೆ ಬೇಡ, ಬೇರು ನಾರು ಸಾಕು" ಅನ್ನೋರಿಗೂ ಒಂದು ಮಾತು. ನಮ್ಮ ಸರ್ಪಗಂಧದ ಬೇರಿಗೆ ಬಿಪಿ ಇಳಿಸೋ ಗುಣ ಇರೋದು ನಿಜ. ಮುಂಬೈನ ಡಾಕ್ಟರ್ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಅದರ ಬಗ್ಗೆ ಬರೆದ ಮೇಲೆ ಜಗತ್ತಿನ ಕಣ್ಣು ಬಿತ್ತು, 1952ರಲ್ಲಿ ಅದರಿಂದ ರೆಸರ್ಪಿನ್ ಅನ್ನೋ ಔಷಧಿ ಬೇರ್ಪಡಿಸಿದ್ರು. ಆಮೇಲೆ ಅದರಿಂದ ಮನಸ್ಸು ಕುಗ್ಗೋದು ಮುಂತಾದ ತೊಂದರೆ ಕಂಡು, ಇನ್ನೂ ಒಳ್ಳೆಯವು ಬಂದ ಮೇಲೆ ಬಳಕೆ ಕಡಿಮೆಯಾಯ್ತು. ಅಂದ್ರೆ ಬೇರು ಸುಳ್ಳಲ್ಲ. ಆದ್ರೆ ಅಳತೆ ಇಲ್ಲದೆ ತೇಯ್ದು ಕುಡಿಯೋದು, ಲೇಬಲ್ ನೋಡದೆ ಔಷಧಿ ಹೊಡೆದಂಗೆ.

ಇನ್ನು ಉಪ್ಪು. ಉಪ್ಪು ನೀರನ್ನ ಹಿಡಿದಿಟ್ಟುಕೊಳ್ಳುತ್ತೆ, ನಾಳದೊಳಗೆ ಓಡೋ ರಕ್ತದ ಪ್ರಮಾಣ ಏರುತ್ತೆ, ಒತ್ತಡ ಏರುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಒಂದು ಟೀ ಚಮಚದಷ್ಟು. ಯಾರು ತೂಕ ಹಾಕ್ಕೊಂಡು ಕೂರ್ತಾರೆ ಅಂತ ಕೇಳಬಹುದು. ಲೆಕ್ಕ ಸುಲಭ. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ ಅಂದ್ರೆ ಒಂದು ಕೇಜಿ ಪ್ಯಾಕೆಟ್ 50 ದಿನ ಬರಬೇಕು. ಪ್ಯಾಕೆಟ್ ಒಡೆದ ದಿನ ಅದರ ಮೇಲೇ ಪೆನ್ನಲ್ಲಿ ತಾರೀಕು ಬರೀರಿ. ಇಪ್ಪತ್ತೈದು ದಿನಕ್ಕೆ ಖಾಲಿಯಾದ್ರೆ ದುಪ್ಪಟ್ಟು ತಿಂತಿದೀರಿ. ಬೇಕರಿ, ಖಾರಾ ಮಿಕ್ಸ್ಚರ್ ಇದಕ್ಕೆ ಸೇರಿಲ್ಲ.

ನಮ್ಮ ಮುದ್ದೆ ತಪ್ಪಲ್ಲ, ಅದಕ್ಕೆ ಉಪ್ಪು ಹಾಕೋದೇ ಕಡಿಮೆ. ಉಪ್ಪಿರೋದು ಉಪ್ಸಾರಿನ ಖಾರದಲ್ಲಿ, ಉಪ್ಪಿನಕಾಯಲ್ಲಿ, ಮಜ್ಜಿಗೆ ಮೆಣಸಿನಕಾಯಲ್ಲಿ, ಹಪ್ಪಳ ಸಂಡಿಗೇಲಿ. "ಬಿಸಿಲಲ್ಲಿ ಬೆವರ್ತೀವಿ, ಉಪ್ಪು ಬೇಕಲ್ಲ" ಅಂತಾರೆ. ನಾವು ಮಾಮೂಲಿ ಉಣ್ಣೋ ಊಟದಲ್ಲೇ ಸಾಕಷ್ಟು ಇರುತ್ತೆ, ಬೆವರಿದಾಗ ಮೊದಲು ಬೇಕಿರೋದು ನೀರು. ಬಿಪಿ ಮಾತ್ರೆ ತಗೊಂಡು ಬಿಸಿಲಲ್ಲಿ ತಲೆ ಸುತ್ತಿದ್ರೆ ಉಪ್ಪು ನೆಕ್ಕೋದಲ್ಲ, ನೆರಳಿಗೆ ಬಂದು ನೀರು ಕುಡಿದು ಡಾಕ್ಟರಿಗೆ ತಿಳಿಸಿ. ಸೈಂಧವ ಲವಣಕ್ಕೆ ಬದಲಾಯಿಸಿದ್ದೀವಿ ಅನ್ನೋರಿಗೆ: ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ.

ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ಒಂದು ದೊಡ್ಡ ಪ್ರಯೋಗ ಆಗಿದೆ. ಅವರೆಲ್ಲ ಮೊದಲೇ ಸ್ಟ್ರೋಕ್ ಆದೋರು, ಇಲ್ಲವೇ 60 ದಾಟಿ ಬಿಪಿ ಇದ್ದೋರು. ಅರ್ಧ ಹಳ್ಳಿಗಳಿಗೆ ಮುಕ್ಕಾಲು ಪಾಲು ಮಾಮೂಲಿ ಉಪ್ಪು, ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಟ್ರು. 2021ರಲ್ಲಿ ಬಂದ ಫಲಿತಾಂಶದಲ್ಲಿ ಆ ಹಳ್ಳಿಗಳಲ್ಲಿ ಸ್ಟ್ರೋಕ್ ಶೇ. 14 ಕಡಿಮೆ. ಪೊಟ್ಯಾಸಿಯಂ ಕ್ಲೋರೈಡ್ ಅಂದ್ರೆ ನಾವು ತೋಟಕ್ಕೆ ಹಾಕೋ ಎಂಒಪಿ ಜಾತಿಯದೇ. ಹಂಗಂತ ಗೊಬ್ಬರದ ಚೀಲಕ್ಕೆ ಕೈ ಹಾಕೀರಿ, ಜೋಕೆ! ತಿನ್ನೋ ದರ್ಜೆಯದ್ದು 'ಲೋ ಸೋಡಿಯಂ' ಉಪ್ಪು ಅಂತ ಅಂಗಡೀಲಿ ಸಿಗುತ್ತೆ. ಕಿಡ್ನಿ ತೊಂದರೆ ಇರೋರು, ಬಿಪಿಗೆ, ಹೃದಯಕ್ಕೆ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳದೆ ಅದನ್ನ ಮುಟ್ಟಬಾರದು.

ನಮ್ಮವರಲ್ಲಿ ಯಾರೂ ಗಮನಿಸದ ಇನ್ನೊಂದು ಇದೆ: ನೋವಿನ ಮಾತ್ರೆ. ನಾಟಿ, ಕಳೆ, ಕೊಯ್ಲು ಬಂತು ಅಂದ್ರೆ ಮೈಕೈ ನೋವಿಗೆ ದಿನಾ ಒಂದು ನುಂಗೋದು, ವಾರಕ್ಕೊಂದು ಸೂಜಿ ಹಾಕಿಸ್ಕೊಳ್ಳೋದು. ಡೈಕ್ಲೋಫಿನ್ಯಾಕ್ ತರಹದವು ಬಿಪಿ ಏರಿಸ್ತವೆ, ಬಿಪಿ ಮಾತ್ರೆ ಕೆಲಸಕ್ಕೂ ಅಡ್ಡ ಬರ್ತವೆ, ಕಿಡ್ನಿಗೂ ಪೆಟ್ಟು. ಸೂಜಿ ಹಾಕಿಸೋಕೆ ಮುಂಚೆ "ನಂಗೆ ಬಿಪಿ ಇದೆ" ಅಂತ ಬಾಯಿಬಿಟ್ಟು ಹೇಳಿ.

ಈಗ ಡೈರಿ ವಿಷಯಕ್ಕೆ ಬರ್ತೀನಿ. ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೇಲಿ 30 ದಾಟಿದವರ ಬಿಪಿ, ಶುಗರ್ ಮನೆ ಬಾಗಿಲಲ್ಲೇ ನೋಡ್ತಾರೆ. ಒಳ್ಳೇದೇ. ಆದ್ರೆ ಅವರು ಬರೋ ಹೊತ್ತಿಗೆ ನಾವು ಹೊಲದಲ್ಲಿರ್ತೀವಿ, ಬಾಗಿಲಿಗೆ ಬೀಗ. ನಾವೇ ದಿನಕ್ಕೆ ಎರಡು ಸಲ ತಪ್ಪದೆ ಹೋಗೋ ಜಾಗ ಡೈರಿ. ಅದರಲ್ಲೂ ಹಾಲು ತರೋರಲ್ಲಿ ಹೆಂಗಸರು ಬಹಳ. ತಮ್ಮ ಸಲುವಾಗಿ ಆಸ್ಪತ್ರೆಗೆ ಹೋಗೋಕೆ ಅವರಿಗೆ ಪುರುಸೊತ್ತೇ ಸಿಗಲ್ಲ.

"ಡೈರಿ ಸೆಕ್ರೆಟರಿ ಏನ್ ಡಾಕ್ಟರಾ?" ಅಂತ ಕೇಳ್ತೀರಿ. ಫ್ಯಾಟ್ ನೋಡೋಕೆ ಅವರು ಪಶುವೈದ್ಯರಾಗಬೇಕಿಲ್ಲವಲ್ಲ. ಮಿಷನ್ನಿನ ಕೆಲಸ ಅಳೆಯೋದು, ಪುಸ್ತಕದ ಕೆಲಸ ನೆನಪಿಡೋದು, ಮುಂದಿನದು ಆರೋಗ್ಯ ಕೇಂದ್ರದ್ದು. "ಜನ ಸುಮ್ಮನೆ ಹೆದರ್ತಾರೆ" ಅನ್ನೋದೂ ಇದೆ. ಒಂದೇ ಅಳತೆಗೆ ಹೆದರಬೇಕಿಲ್ಲ, ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಜಾಸ್ತಿ ಇದ್ರೆ ಡಾಕ್ಟರ ಹತ್ರ ಹೋಗಬೇಕು. 180/120 ದಾಟಿ, ಎದೆನೋವು, ಉಸಿರಾಟದ ತೊಂದರೆ, ಕಣ್ಣು ಮಂಜು ಇದ್ರೆ ಮಾತ್ರ ಕಾಯೋ ಹಂಗಿಲ್ಲ, ತಕ್ಷಣ 108.

ಅಳೆಯೋದಕ್ಕೂ ಒಂದು ಕ್ರಮ ಇದೆ. ಕ್ಯಾನ್ ಹೊತ್ತು ಬಂದ ಕೂಡಲೇ ಅಲ್ಲ, ಐದು ನಿಮಿಷ ಕೂತು. ಅರ್ಧ ಗಂಟೆ ಮುಂಚೆ ಕಾಫಿ, ಬೀಡಿ, ಹೊಗೆಸೊಪ್ಪು ಇಲ್ಲ. ಮೂತ್ರ ಕಟ್ಟಿಕೊಂಡು ಕೂರಬಾರದು. ಬೆನ್ನು ಒರಗಿರಲಿ, ಪಾದ ನೆಲಕ್ಕೆ ಊರಿರಲಿ, ಕಾಲ ಮೇಲೆ ಕಾಲು ಬೇಡ. ಪಟ್ಟಿ ಬರೀ ತೋಳಿಗೆ, ಕೈ ಎದೆ ಮಟ್ಟಕ್ಕೆ. ಆ ಹೊತ್ತಲ್ಲಿ ಮಾತಾಡಬಾರದು, ಇದು ನಮ್ಮವರಿಗೆ ಎಲ್ಲಕ್ಕಿಂತ ಕಷ್ಟ! ಒಂದು ನಿಮಿಷ ಬಿಟ್ಟು ಇನ್ನೊಂದು ಸಲ. ಮಿಷನ್ ತೋಳಿಗೆ ಕಟ್ಟೋದೇ ತಗೊಳ್ಳಿ, ಮಣಿಕಟ್ಟಿನದು ಬೇಡ.

ಆರೋಗ್ಯ ಇಲಾಖೆಗೂ ಒಂದು ಮಾತಿದೆ. ಬಿಪಿ ಮಾತ್ರೆ ಸರ್ಕಾರಿ ಆಸ್ಪತ್ರೇಲಿ ಪುಕ್ಕಟೆ ಸಿಗುತ್ತೆ, ಜನೌಷಧಿ ಅಂಗಡೀಲೂ ಅಗ್ಗ. ಆದ್ರೆ ನಮ್ಮ ಕಡೆಯ ಒಂದು ಕೇಂದ್ರದಲ್ಲಿ ಹತ್ತು ದಿನಕ್ಕೆ ಮಾತ್ರ ಕೊಟ್ಟು ಮತ್ತೆ ಬನ್ನಿ ಅಂತಾರೆ. ಹತ್ತು ದಿನಕ್ಕೊಮ್ಮೆ ಬಸ್ಸು, ಅರ್ಧ ದಿನದ ಕೂಲಿ. ಮೂರನೇ ಸಲ ಯಾರು ಹೋಗ್ತಾರೆ? ಅಳತೆ ಹಿಡಿತಕ್ಕೆ ಬಂದೋರಿಗೆ ಕನಿಷ್ಠ ಒಂದು ತಿಂಗಳದ್ದು ಒಟ್ಟಿಗೆ ಕೊಡಬೇಕು. ನಮ್ಮ ಕೇರಿಯ ಯಜಮಾನರ ಚಿಕಿತ್ಸೆಗೆ ಆದ ಖರ್ಚಲ್ಲಿ ಒಂದು ಊರಿಗೆ ವರ್ಷಗಟ್ಟಲೆ ಮಾತ್ರೆ ಬರ್ತಿತ್ತು.

ಮುಖ ಒಂದು ಕಡೆ ಸೊಟ್ಟಗಾದ್ರೆ, ಒಂದು ಕೈ ಎತ್ತೋಕಾಗದಿದ್ರೆ, ಮಾತು ತೊದಲಿದ್ರೆ ಗಂಟೆ ನೋಡ್ಕೊಳ್ಳಿ, ಸ್ಕ್ಯಾನ್ ಇರೋ ಆಸ್ಪತ್ರೆಗೆ ಓಡಿ. ನಾಳದಲ್ಲಿ ಹೆಪ್ಪುಗಟ್ಟಿದ್ರೆ ಕರಗಿಸೋ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಬಾಯಿಗೆ ನೀರು, ಕಾಫಿ ಹಾಕಬೇಡಿ. ದೃಷ್ಟಿ ತೆಗೆಯೋದು, ನಾಟಿ ಎಣ್ಣೆ ತಿಕ್ಕೋದು ಅಂತ ಹೊತ್ತು ಕಳೀಬೇಡಿ.

ಮಿಷನ್ನಿಗೆ ಎರಡು ಸಾವಿರ ರೂಪಾಯಿ ಆಸುಪಾಸು ಆಗಬಹುದು. ಸಂಘದ ಲಾಭದಲ್ಲಿ, ಇಲ್ಲಾಂದ್ರೆ ಸದಸ್ಯರೇ ತಲೆಗಿಷ್ಟು ಅಂತ ಹಾಕಿದ್ರೂ ಆಯ್ತು. ಮುಂದಿನ ಮಹಾಸಭೇಲಿ ಬೋನಸ್ ಎಷ್ಟು, ಫೀಡ್ ರೇಟ್ ಎಷ್ಟು ಅಂತ ಕೇಳೋ ಹೊತ್ತಲ್ಲೇ ಎದ್ದು ನಿಂತು ಇದನ್ನೂ ಕೇಳಿ. ನಮ್ಮ ಸಂಘದಲ್ಲಿ ನಾನು ಅರ್ಜಿ ಕೊಟ್ಟಿದೀನಿ. ನಿಮ್ಮೂರಲ್ಲಿ ಈಗಾಗಲೇ ಇಟ್ಟಿದ್ರೆ ಹೇಗೆ ನಡೆಸ್ತಿದೀರಿ ಅಂತ ಬರೀರಿ, ನಮಗೂ ದಾರಿ ಆಗುತ್ತೆ.